ಕೌದಿಯ ಪ್ಯಾಟರ್ನ್ ಬರೆಯುವ ಬಗೆ: ಹೊಲಿಯುವವರ ಕೈಗೆ ಒದಗುವಂತೆ

ಕೌದಿ ಹೊಲಿಯಲು ಬಲ್ಲವರಿಗೆಲ್ಲ ಅದರ ಪ್ಯಾಟರ್ನ್, ಅಂದರೆ ಅಳತೆ ಮತ್ತು ಹೊಲಿಯುವ ಕ್ರಮ ತಿಳಿಸುವ ಹಾಳೆ, ಬರೆಯಲೂ ಬರುತ್ತದೆ ಎಂದು ಹೇಳಲಾಗದು. ಮೈಸೂರು, ಮಂಡ್ಯಗಳ ಹೊಲಿಗೆ ತರಗತಿಗಳಲ್ಲಿ, ಮಹಿಳಾ ಸಂಘಗಳಲ್ಲಿ, ಮನೆಯ ಹಜಾರದಲ್ಲಿ ಕುಳಿತು ಹೊಲಿಯುವ ಎಷ್ಟೋ ಮಂದಿ ಈಗ ತಾವೇ ವಿನ್ಯಾಸ ಮಾಡುತ್ತಾರೆ. ಅದನ್ನು ಎರಡು ಹಾಳೆಯ ಜೆರಾಕ್ಸ್ ಆಗಿಯೋ, ಫೋನಿನಲ್ಲಿ ಕಳುಹಿಸುವ ಪಿಡಿಎಫ್ ಆಗಿಯೋ ಇತರರಿಗೆ ಕೊಡುತ್ತಾರೆ. ಕೌದಿ ಕಣ್ಣಿಗೆ ಹಬ್ಬವಾಗಿರುತ್ತದೆ, ಆದರೆ ಹಾಳೆ ಹಿಡಿದು ಕುಳಿತವರಿಗೆ ಮೂರನೆಯ ಸಾಲಿಗೇ ದಾರಿ ತಪ್ಪುತ್ತದೆ. ಒಳ್ಳೆಯ ಪ್ಯಾಟರ್ನಿಗೆ ನನ್ನ ಮಟ್ಟಿಗೆ ಇರುವ ಗುರುತು ಒಂದೇ: ಹೊಲಿಯುವವರು ಯಾರನ್ನೂ ಕೇಳದೆ, ಪ್ರತಿ ಹಂತದಲ್ಲೂ ಟೇಪು ಹಿಡಿದು, ತಾವು ಸರಿಯಾಗಿ ಹೊಲಿದಿದ್ದೇವೆಯೇ ಎಂಬುದನ್ನು ತಾವೇ ಖಚಿತಪಡಿಸಿಕೊಳ್ಳುವಂತಿರಬೇಕು. ಈ ಬರಹದಲ್ಲಿ ಹೇಳುವ ಉಳಿದೆಲ್ಲ ಮಾತೂ ಆ ಒಂದು ಗುರುತಿಗೆ ಸಂಬಂಧಿಸಿದ್ದು.

ನಮ್ಮ ಹಿರಿಯರು ಕೌದಿ ಹೊಲಿದದ್ದು ಕಾಗದ ನೋಡಿಕೊಂಡಲ್ಲ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಇಂದಿಗೂ ಕೌದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಉದ್ದಕ್ಕೂ ತುಂಡುಗಳನ್ನು ಇಡುತ್ತಾ, ಸುತ್ತು ಹೊಡೆದುಕೊಂಡು ನಡುವಿಗೆ ಬರುತ್ತಾರೆ; ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಫೂಲ ಕೂರಿಸಿದ ಮೇಲೆಯೇ ಅದು ಪೂರ್ಣವಾಗುತ್ತದೆ. ಅಲ್ಲಿ ತುಂಡಿನ ಅಳತೆಯನ್ನು ನಿರ್ಧರಿಸುವುದು ಕೈಯಲ್ಲಿರುವ ಬಟ್ಟೆ, ಕಲಿಸುವುದು ಪಕ್ಕದಲ್ಲಿ ಕುಳಿತ ಹಿರಿಯಳು. ಆ ಪದ್ಧತಿಯಲ್ಲಿ ಇಂಚಿನ ಲೆಕ್ಕಕ್ಕಿಂತ ಕೆಲಸದ ಕ್ರಮವೇ ಮುಖ್ಯ. ಅಮೆರಿಕದಲ್ಲಿ ಕ್ಯಾನ್ಸಸ್ ಸಿಟಿ ಸ್ಟಾರ್ ಪತ್ರಿಕೆ 1928ರಿಂದ 1961ರವರೆಗೆ ಕ್ವಿಲ್ಟ್ ಪ್ಯಾಟರ್ನ್‌ಗಳನ್ನು ಅಚ್ಚು ಹಾಕುತ್ತಿತ್ತು. ತುಂಡುಗಳ ಆಕಾರ ಮತ್ತು ಕೆಲವೇ ಸಾಲಿನ ವಿವರಣೆ ಇದ್ದರೂ ಓದುಗರಿಗೆ ಅದು ಸಾಕಾಗುತ್ತಿದ್ದುದು, ಹೊಲಿಗೆಯ ಉಳಿದ ವಿದ್ಯೆ ಅವರಿಗೆ ಮನೆಯಲ್ಲೇ ಬಂದಿರುತ್ತಿದ್ದುದರಿಂದ. 1979ರಲ್ಲಿ ಓಲ್ಫಾ ಕಂಪನಿ ರೋಟರಿ ಕಟರನ್ನು (ಉರುಳಿಸಿ ಬಟ್ಟೆ ಕತ್ತರಿಸುವ ಗುಂಡು ಅಲಗಿನ ಸಾಧನ) ಮಾರುಕಟ್ಟೆಗೆ ತಂದ ಮೇಲೆ, ರಟ್ಟಿನ ಅಚ್ಚಿಟ್ಟು ಒಂದೊಂದೇ ತುಂಡು ಕತ್ತರಿಸುವ ಬದಲು ಪಟ್ಟಿ ಪಟ್ಟಿಯಾಗಿ ಕತ್ತರಿಸುವ ರೂಢಿ ಬಂತು; ಪ್ಯಾಟರ್ನ್‌ಗಳೂ ಅದಕ್ಕೆ ತಕ್ಕಂತೆ ಆಕಾರದಿಂದ ಅಳತೆಗೆ ತಿರುಗಿದವು.

ನಮ್ಮ ಊರಿನ ಓದುಗರು ಈ ಎರಡರ ನಡುವೆ ಇದ್ದಾರೆ. ಕೆಲವರ ಹತ್ತಿರ ಕಟರು, ಚಾಪೆ, ಪಾರದರ್ಶಕ ರೂಲರು ಇವೆ. ಬಹಳಷ್ಟು ಮಂದಿಯ ಹತ್ತಿರ ಇರುವುದು ಕತ್ತರಿ, ಚಾಕ್‌ಪೀಸು, ಟೇಪು ಮತ್ತು ಕಾಲಿನಿಂದ ತುಳಿಯುವ ಉಷಾ ಮಷಿನ್ನು. ಆದ್ದರಿಂದ ಪ್ಯಾಟರ್ನಿನ ಮೊದಲ ಭಾಗದಲ್ಲೇ, ಇದನ್ನು ಹೊಲಿಯಲು ಯಾವ ಸಾಮಾನು ಕಡ್ಡಾಯ, ಯಾವುದು ಇದ್ದರೆ ಅನುಕೂಲ ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. "ಸುಲಭ", "ಮಧ್ಯಮ", "ಕಠಿಣ" ಎಂಬ ಹಣೆಪಟ್ಟಿಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು "ಇದರಲ್ಲಿ ನೇರ ಹೊಲಿಗೆ ಮಾತ್ರ ಇದೆ, ಆದರೆ ಕ್ರಾಸ್ ಆಗಿ (ಬಟ್ಟೆಯ ಎಳೆಗೆ ಓರೆಯಾಗಿ) ಕತ್ತರಿಸಿದ ಅಂಚುಗಳನ್ನು ಎಳೆಯದೆ ಹೊಲಿಯಲು ಬರಬೇಕು" ಎಂದು ಬರೆದರೆ, ಓದಿದವರು ತಮ್ಮ ಕೈ ಎಷ್ಟು ಪಳಗಿದೆ ಎಂಬುದನ್ನು ಅದರೊಡನೆ ತಾಳೆ ನೋಡಿಕೊಳ್ಳುತ್ತಾರೆ.

ಅಳತೆ ಮೂರು ಬಗೆ

ಪ್ಯಾಟರ್ನ್‌ಗಳಲ್ಲಿ ಅತಿ ಹೆಚ್ಚು ಗೊಂದಲವಾಗುವುದು ಅಳತೆಯಲ್ಲೇ, ಏಕೆಂದರೆ ಒಂದೇ ತುಂಡಿಗೆ ಮೂರು ಅಳತೆಗಳಿರುತ್ತವೆ: ಕತ್ತರಿಸುವಾಗಿನ ಅಳತೆ, ತುಂಡುಗಳನ್ನು ಸೇರಿಸಿ ಬ್ಲಾಕ್ (ಕೌದಿಯಲ್ಲಿ ಮತ್ತೆ ಮತ್ತೆ ಬರುವ ವಿನ್ಯಾಸದ ಚೌಕ) ಆದಾಗಿನ ಅಳತೆ, ಆ ಬ್ಲಾಕು ಕೌದಿಯಲ್ಲಿ ಕೂತ ಮೇಲೆ ಕಣ್ಣಿಗೆ ಕಾಣುವ ಅಳತೆ. "ಆರಿಂಚಿನ ಚೌಕ" ಎಂದಷ್ಟೇ ಬರೆದರೆ ಓದುವವರು ಆರು ಇಂಚಿಗೇ ಕತ್ತರಿಸುತ್ತಾರೆ, ಹೊಲಿದ ಮೇಲೆ ಅದು ಐದೂವರೆ ಆಗಿಬಿಡುತ್ತದೆ. ಮೂರನ್ನೂ ಬೇರೆ ಬೇರೆ ಹೆಸರಿನಿಂದ ಕರೆದು, ಆ ಹೆಸರುಗಳನ್ನು ಹಾಳೆಯ ಆರಂಭದಲ್ಲೇ ವಿವರಿಸಿ, ಕೊನೆಯವರೆಗೂ ಬದಲಿಸದೆ ಬಳಸಬೇಕು. ನಾನು ಇಲ್ಲಿ ಅವನ್ನು ಕತ್ತರಿಸುವ ಅಳತೆ, ಬ್ಲಾಕಿನ ಅಳತೆ, ಕೂತ ಅಳತೆ ಎಂದು ಕರೆಯುತ್ತೇನೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಸಾಟೂತ್ ಸ್ಟಾರ್ ಎಂಬ ಹಳೆಯ ನಕ್ಷತ್ರದ ಬ್ಲಾಕು ಹನ್ನೆರಡು ಇಂಚಿನದ್ದು ಎಂದಿಟ್ಟುಕೊಳ್ಳಿ. ನಡುವೆ ಒಂದು ದೊಡ್ಡ ಚೌಕ, ನಾಲ್ಕು ಮೂಲೆಗೆ ನಾಲ್ಕು ಸಣ್ಣ ಚೌಕ, ಅವುಗಳ ನಡುವೆ ನಕ್ಷತ್ರದ ಮೊನೆಗಳಾಗುವ ನಾಲ್ಕು ಆಯತ. ಪ್ರತಿ ಆಯತದಲ್ಲೂ ಒಂದು ದೊಡ್ಡ ತ್ರಿಕೋನ, ಅದರ ಎರಡು ಬದಿಗೆ ಎರಡು ಸಣ್ಣ ತ್ರಿಕೋನ ಇರುತ್ತವೆ; ಇದಕ್ಕೆ ಫ್ಲೈಯಿಂಗ್ ಗೀಸ್ ಎನ್ನುತ್ತಾರೆ. ಹೊಲಿಗೆಯ ಮಾರ್ಜಿನ್, ಅಂದರೆ ಹೊಲಿಗೆಯಿಂದ ಬಟ್ಟೆಯ ಅಂಚಿನವರೆಗೆ ಬಿಡುವ ಜಾಗ, ಕಾಲು ಇಂಚು. ನಡುವಿನ ಚೌಕದ ಕೂತ ಅಳತೆ 6 ಇಂಚು, ಕತ್ತರಿಸುವ ಅಳತೆ 6 1/2. ಮೂಲೆಯ ಚೌಕದ ಕೂತ ಅಳತೆ 3 ಇಂಚು, ಕತ್ತರಿಸುವ ಅಳತೆ 3 1/2. ಇಷ್ಟು ಸುಲಭ, ಎರಡು ಬದಿಯ ಮಾರ್ಜಿನ್ ಸೇರಿಸಿದರೆ ಆಯಿತು.

ತ್ರಿಕೋನಗಳ ಲೆಕ್ಕ ಹಾಗಲ್ಲ, ಮತ್ತು ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಒಂದು ದೊಡ್ಡ ಚೌಕದಿಂದ ನಾಲ್ಕು ಗೀಸ್ ಒಮ್ಮೆಗೇ ಹೊಲಿಯುವ ವಿಧಾನದಲ್ಲಿ, ದೊಡ್ಡ ಚೌಕವನ್ನು ಗೀಸ್‌ನ ಕೂತ ಅಗಲಕ್ಕೆ 1 1/4 ಇಂಚು ಸೇರಿಸಿ, ಅಂದರೆ 7 1/4 ಇಂಚಿಗೆ ಕತ್ತರಿಸಬೇಕು; ಸಣ್ಣ ಚೌಕಗಳು ನಾಲ್ಕು, ಕೂತ ಎತ್ತರಕ್ಕೆ 7/8 ಇಂಚು ಸೇರಿಸಿ 3 7/8 ಇಂಚಿಗೆ. ಈ 7/8 ಎಲ್ಲಿಂದ ಬಂತು ಎಂಬುದನ್ನು ಬರೆಯುವವರು ಅರಿತಿರಬೇಕು. ಓರೆ ಹೊಲಿಗೆಯಲ್ಲಿ ಮಾರ್ಜಿನ್ ಓರೆಯಾಗಿ ಹೋಗುವುದರಿಂದ ಅದರ 3.414 ಪಟ್ಟು ಸೇರಿಸಬೇಕಾಗುತ್ತದೆ. ಕಾಲು ಇಂಚಿನ 3.414 ಪಟ್ಟು 0.853 ಇಂಚು, ಅದನ್ನು ಟೇಪಿನಲ್ಲಿ ಸಿಗುವ ಮುಂದಿನ ಗೆರೆಗೆ ಏರಿಸಿದರೆ 7/8. ಇದು ಗೊತ್ತಿದ್ದರೆ ಸೆಂಟಿಮೀಟರಿನಲ್ಲಿ ಬರೆಯುವಾಗ 7/8 ಇಂಚನ್ನು ಪರಿವರ್ತಿಸುವ ತಪ್ಪಿಗೆ ಕೈಹಾಕುವುದಿಲ್ಲ. ಸೆಂಟಿಮೀಟರಿನ ಪ್ಯಾಟರ್ನಿನಲ್ಲಿ ಮಾರ್ಜಿನ್ 0.75 ಎಂದು ಇಟ್ಟುಕೊಂಡರೆ, ಸಣ್ಣ ಚೌಕಕ್ಕೆ ಸೇರಿಸಬೇಕಾದದ್ದು 2.6 ಸೆಂಟಿಮೀಟರ್. ಇಂಚಿನ ಪ್ಯಾಟರ್ನಿನ ಪ್ರತಿ ಅಂಕಿಯನ್ನೂ 2.54ರಿಂದ ಗುಣಿಸಿ ಆವರಣದಲ್ಲಿ ತುಂಬುವವರಿದ್ದಾರೆ; 9.84 ಸೆಂಟಿಮೀಟರನ್ನು ಚಾಕ್‌ಪೀಸಿನಿಂದ ಗುರುತು ಹಾಕುವುದು ಯಾರಿಂದ ಸಾಧ್ಯ? ಒಂದೇ ಅಳತೆಪದ್ಧತಿಯನ್ನು ಆರಿಸಿಕೊಳ್ಳಿ. ಎರಡೂ ಬೇಕೆಂದರೆ, 30 ಸೆಂಟಿಮೀಟರಿನ ಬ್ಲಾಕು ಎಂದು ಮೊದಲಿನಿಂದ ಲೆಕ್ಕ ಹಾಕಿ ಬೇರೆಯೇ ಕೋಷ್ಟಕ ಕೊಡಿ.

ನಮ್ಮಲ್ಲಿ ಟೇಪನ್ನು ಕಾಲು, ಅರ್ಧ, ಮುಕ್ಕಾಲು ಎಂದು ಓದುವವರೇ ಹೆಚ್ಚು. 3 7/8 ಎಂದು ಅಂಕಿಯಲ್ಲಿ ಬರೆದು, ಪಕ್ಕದಲ್ಲಿ "ನಾಲ್ಕು ಇಂಚಿಗೆ ಅರೆಕಾಲು ಕಡಿಮೆ" ಎಂದು ಒಮ್ಮೆ ಹೇಳಿದರೆ ಕತ್ತರಿ ಹಿಡಿದವರಿಗೆ ಧೈರ್ಯ ಬರುತ್ತದೆ.

ಈಗ ಹಂತಗಳ ಅಳತೆ. ಹೊಲಿದು, ಇಸ್ತ್ರಿ ಮಾಡಿದ ಪ್ರತಿ ಗೀಸ್ 3 1/2 ಇಂಚು ಎತ್ತರ, 6 1/2 ಇಂಚು ಅಗಲ ಇರಬೇಕು, ಮತ್ತು ದೊಡ್ಡ ತ್ರಿಕೋನದ ತುದಿಯು ಮೇಲಂಚಿನಿಂದ ಸರಿಯಾಗಿ ಕಾಲು ಇಂಚು ಕೆಳಗಿರಬೇಕು. ತುದಿ ಅಂಚಿಗೇ ತಾಗಿಕೊಂಡಿದ್ದರೆ ಮುಂದಿನ ಹೊಲಿಗೆಯಲ್ಲಿ ಆ ತ್ರಿಕೋನದ ಮೊನೆ ಹೊಲಿಗೆಯೊಳಗೆ ಸೇರಿ ಕಾಣದಾಗುತ್ತದೆ. ಮೂಲೆ, ಗೀಸ್, ಮೂಲೆ ಸೇರಿದ ಮೇಲಿನ ಸಾಲು 3 1/2 ಇಂಟು 12 1/2; ಗೀಸ್, ನಡುಚೌಕ, ಗೀಸ್ ಸೇರಿದ ನಡುಸಾಲು 6 1/2 ಇಂಟು 12 1/2; ಮೂರು ಸಾಲೂ ಸೇರಿದ ಬ್ಲಾಕು 12 1/2 ಇಂಚಿನ ಚೌಕ. ಈ ನಾಲ್ಕು ಸಾಲನ್ನು ಬರೆಯಲು ಹಾಳೆಯಲ್ಲಿ ಎರಡು ಬೆರಳಗಲ ಜಾಗ ಸಾಕು. ಆದರೆ ಇವು ಇಲ್ಲದ ಪ್ಯಾಟರ್ನಿನಲ್ಲಿ ಹೊಲಿಯುವವರಿಗೆ ತಪ್ಪು ಗೊತ್ತಾಗುವುದು ಇಪ್ಪತ್ತು ಬ್ಲಾಕೂ ಮುಗಿದು, ಸಾಲುಗಳನ್ನು ಜೋಡಿಸಲು ಕುಳಿತಾಗ.

ಸಣ್ಣ ವ್ಯತ್ಯಾಸ ಎಷ್ಟು ಬೆಳೆಯುತ್ತದೆ ಎಂಬುದನ್ನೂ ಪ್ಯಾಟರ್ನಿನಲ್ಲಿ ಒಂದು ವಾಕ್ಯದಲ್ಲಿ ತಿಳಿಸಬಹುದು. ನಾಲ್ಕು ಬ್ಲಾಕು ಅಡ್ಡಕ್ಕೆ ಕೂತ ಕೌದಿಯ ಒಂದು ಸಾಲಿನಲ್ಲಿ ಪ್ರತಿ ಬ್ಲಾಕಿನ ಎರಡು ಹೊಲಿಗೆ ಮತ್ತು ಬ್ಲಾಕುಗಳನ್ನು ಸೇರಿಸುವ ಮೂರು ಹೊಲಿಗೆ ಸೇರಿ ಹನ್ನೊಂದು ಹೊಲಿಗೆಗಳಿರುತ್ತವೆ. ಮಾರ್ಜಿನ್ ಪ್ರತಿ ಹೊಲಿಗೆಯಲ್ಲೂ ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಹೆಚ್ಚಾದರೆ, ಎರಡು ಬದಿಯ ಬಟ್ಟೆಯಿಂದಲೂ ಅಷ್ಟಷ್ಟು ಹೋಗಿ, ಸಾಲು ಒಟ್ಟು 1 3/8 ಇಂಚು ಗಿಡ್ಡವಾಗುತ್ತದೆ. ಬಟ್ಟೆ ಹೊಲಿಗೆಯ ಮೇಲೆ ಮಡಚುವಾಗಲೂ ಒಂದೆರಡು ಎಳೆಯಷ್ಟು ಜಾಗ ತಿನ್ನುವುದರಿಂದ, ಮಾರ್ಜಿನನ್ನು ಕಾಲು ಇಂಚಿಗಿಂತ ಒಂದೆಳೆಯಷ್ಟು ಕಡಿಮೆ ಬಿಟ್ಟು ಹೊಲಿಯಬೇಕೆಂದು ಹೇಳಬೇಕು. ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿಯಂತಹ ಕೈನೂಲಿನ ದಪ್ಪ ಬಟ್ಟೆಯಲ್ಲಿ ಇದು ಇನ್ನೂ ಮುಖ್ಯ. ಸಾಮಾನ್ಯ ಮಷಿನ್ನಿನ ಪಾದದ ಅಂಚು ಸೂಜಿಯಿಂದ ಕಾಲು ಇಂಚೇ ಇರುತ್ತದೆ ಎಂಬ ಭರವಸೆ ಇಲ್ಲ. ಸೂಜಿಯನ್ನು ಕೆಳಗಿಳಿಸಿ, ಅಲ್ಲಿಂದ ಕಾಲು ಇಂಚು ಅಳೆದು, ಮಷಿನ್ನಿನ ತಟ್ಟೆಯ ಮೇಲೆ ಒಂದು ತುಂಡು ಅಂಟುಟೇಪು ಅಂಟಿಸಿಕೊಳ್ಳುವಂತೆ ಹೇಳಿ. ಬಳಿಕ 1 1/2 ಇಂಚಿನ ಮೂರು ಪಟ್ಟಿಗಳನ್ನು ಸೇರಿಸಿ ಹೊಲಿದು, ಒಟ್ಟು ಅಗಲ 3 1/2 ಬಂದಿದೆಯೇ ಎಂದು ಪರೀಕ್ಷಿಸಲು ಹೇಳಿದರೆ, ನಿಮ್ಮ ಪ್ಯಾಟರ್ನ್ ಹಿಡಿದವರ ಅರ್ಧ ಕಷ್ಟ ಅಲ್ಲಿಯೇ ಕಳೆಯುತ್ತದೆ.

ಬಟ್ಟೆ ಎಷ್ಟು ಬೇಕು, ಯಾವ ಪನ್ನದಲ್ಲಿ

ಹೊರದೇಶದ ಪ್ಯಾಟರ್ನ್‌ಗಳನ್ನು ನೋಡಿ ಬರೆಯುವವರು ಬಟ್ಟೆಯ ಅಗಲ 42 ಅಥವಾ 44 ಇಂಚು ಎಂದು ಇಟ್ಟುಕೊಂಡು ಬಿಡುತ್ತಾರೆ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲೋ ಶಿವರಾಂಪೇಟೆಯಲ್ಲೋ ಮಂಡ್ಯದ ಪೇಟೆ ಬೀದಿಯಲ್ಲೋ ಅಂಗಡಿಗೆ ಹೋಗಿ ಹತ್ತಿ ಬಟ್ಟೆ ಕೇಳಿದರೆ 36 ಇಂಚಿನ ಪನ್ನವೂ ಸಿಗುತ್ತದೆ, 44 ಇಂಚಿನದ್ದೂ ಸಿಗುತ್ತದೆ, 58 ಇಂಚಿನದ್ದೂ ಉಂಟು. ಪನ್ನ ಬದಲಾದರೆ ಮೀಟರಿನ ಲೆಕ್ಕವೇ ಬದಲಾಗುತ್ತದೆ ಎಂಬುದನ್ನು ಮೇಲಿನ ನಕ್ಷತ್ರದ ಕೌದಿಯಲ್ಲೇ ಕಾಣಬಹುದು.

ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು, ಒಟ್ಟು ಇಪ್ಪತ್ತು ಬ್ಲಾಕಿನ ಕೌದಿ 48 ಇಂಟು 60 ಇಂಚು ಆಗುತ್ತದೆ. ನಕ್ಷತ್ರದ ಮೊನೆಗಳಿಗೆ 3 7/8 ಇಂಚಿನ ಚೌಕಗಳು ಎಂಬತ್ತು ಬೇಕು. ಎರಡು ಬದಿಯ ಕಿನಾರೆ ಕಳೆದು 44ರ ಪನ್ನದಲ್ಲಿ 42 ಇಂಚು ಉಪಯೋಗಕ್ಕೆ ಬರುತ್ತದೆ ಎಂದರೆ, ಒಂದು ಪಟ್ಟಿಯಲ್ಲಿ ಹತ್ತು ಚೌಕ ಸಿಗುತ್ತವೆ. ಎಂಟು ಪಟ್ಟಿ, 31 ಇಂಚು ಉದ್ದದ ಬಟ್ಟೆ ಸಾಕು. ಒಂದು ಮೀಟರ್ ತಂದರೆ ಒಗೆದಾಗ ಕುಗ್ಗುವುದಕ್ಕೂ ಒಂದೆರಡು ಚೌಕ ಕೆಡುವುದಕ್ಕೂ ಉಳಿಯುತ್ತದೆ. ಅದೇ 36ರ ಪನ್ನದಲ್ಲಿ ಬಳಕೆಗೆ ಸಿಗುವುದು 34 1/2 ಇಂಚು ಎಂದುಕೊಂಡರೆ, ಪಟ್ಟಿಗೆ ಎಂಟೇ ಚೌಕ. ಹತ್ತು ಪಟ್ಟಿ, 38 3/4 ಇಂಚು. ಒಂದು ಮೀಟರ್ ಎಂದರೆ 39 ಇಂಚಿಗಿಂತ ಸ್ವಲ್ಪ ಹೆಚ್ಚು, ಒಮ್ಮೆ ನೀರಿಗೆ ಹಾಕಿದರೆ ಸಾಲದೆ ಬರುತ್ತದೆ. ಆದ್ದರಿಂದ ಒಂದೂಕಾಲು ಮೀಟರ್ ಎಂದೇ ಬರೆಯಬೇಕು. ನಕ್ಷತ್ರದ ಸುತ್ತ ಕಾಣುವ ಹಿನ್ನೆಲೆಯ ಬಟ್ಟೆಗೆ ಇದೇ ರೀತಿ ಲೆಕ್ಕ ಹಾಕಿದರೆ 44ರ ಪನ್ನದಲ್ಲಿ ಒಂದೂಮುಕ್ಕಾಲು ಮೀಟರ್, 36ರಲ್ಲಿ ಎರಡು ಮೀಟರ್ ಬೇಕಾಗುತ್ತದೆ. ಅಂಗಡಿಯವರು ಕಾಲು ಮೀಟರಿನ ಲೆಕ್ಕದಲ್ಲಿ ಸುಲಭವಾಗಿ ಕೊಡುತ್ತಾರೆ, ಹಾಗಾಗಿ 1.36 ಮೀಟರ್ ಎಂಬಂತಹ ಅಂಕಿಗಳನ್ನು ಬರೆದು ಪ್ರಯೋಜನವಿಲ್ಲ. ಪ್ರತಿ ಬಟ್ಟೆಗೂ ಪಟ್ಟಿ ಎಷ್ಟು, ಪಟ್ಟಿಗೆ ಚೌಕ ಎಷ್ಟು ಎಂಬುದನ್ನೂ ಬರೆದಿಡಿ. ಬೇರೆ ಪನ್ನದ ಬಟ್ಟೆ ಸಿಕ್ಕವರು ಅದರ ಆಧಾರದ ಮೇಲೆ ತಾವೇ ಲೆಕ್ಕ ಮಾಡಿಕೊಳ್ಳುತ್ತಾರೆ.

ನಮ್ಮಲ್ಲಿ ಕೌದಿ ಹೊಲಿಯುವವರಲ್ಲಿ ಹೊಸ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳುವವರು ಕಡಿಮೆ. ಟೈಲರ್ ಅಂಗಡಿಯ ಚೂರು, ಹಳೆಯ ಹತ್ತಿ ಸೀರೆ, ಮಗ ಬಿಟ್ಟ ಅಂಗಿ, ಇವೇ ಅವರ ಬಂಡವಾಳ. ಇವರಿಗೆ ಮೀಟರಿನ ಅಂಕಿಗಿಂತ "3 7/8 ಇಂಚಿನ ಚೌಕ ಎಂಬತ್ತು, 6 1/2 ಇಂಚಿನ ಚೌಕ ಇಪ್ಪತ್ತು" ಎಂಬ ಎಣಿಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪ್ಯಾಟರ್ನಿನಲ್ಲಿ ಎರಡನ್ನೂ ಕೊಡಿ, ಚೂರುಗಳಿಗೆ ಅತಿ ಸಣ್ಣದೆಂದರೆ ಎಷ್ಟು ದೊಡ್ಡ ತುಂಡು ಬೇಕು ಎಂಬುದನ್ನು ಎದ್ದು ಕಾಣುವಂತೆ ಹೇಳಿ.

ಹಿಂಬದಿಯ ಬಟ್ಟೆ ಕೌದಿಗಿಂತ ಪ್ರತಿ ಬದಿಗೂ ನಾಲ್ಕು ಇಂಚು ದೊಡ್ಡದಿರಬೇಕು, ಅಂದರೆ ಇಲ್ಲಿ 56 ಇಂಟು 68. 36 ಅಥವಾ 44ರ ಒಂದೇ ಪನ್ನದಲ್ಲಿ ಇದು ಬರುವುದಿಲ್ಲ, ಜೋಡಣೆ ಅನಿವಾರ್ಯ. ಜೋಡಣೆಯ ಹೊಲಿಗೆಯನ್ನು ಉದ್ದಕ್ಕೆ ಇಟ್ಟರೆ 68 ಇಂಚಿನ ಎರಡು ತುಂಡು, ಸುಮಾರು ಮೂರೂವರೆ ಮೀಟರ್ ಹೋಗುತ್ತದೆ. ಅಡ್ಡಕ್ಕೆ ಇಟ್ಟರೆ 56 ಇಂಚಿನ ಎರಡು ತುಂಡು, 112 ಇಂಚು, ಮೂರೂಕಾಲು ಮೀಟರಿನಲ್ಲಿ ಕುಗ್ಗುವ ಬಾಬ್ತೂ ಸೇರಿ ಮುಗಿಯುತ್ತದೆ. ಮೆತ್ತಗಾದ ಐದೂವರೆ ಮೀಟರಿನ ಹತ್ತಿ ಸೀರೆಯೊಂದಿದ್ದರೆ ಅದರಲ್ಲೇ ಹಿಂಬದಿಯಾಗಿ ಇನ್ನೂ ಉಳಿಯುತ್ತದೆ, ಹಲವು ಬಾರಿ ಒಗೆದದ್ದಾದ್ದರಿಂದ ಕುಗ್ಗುವ ಚಿಂತೆಯೂ ಇಲ್ಲ. ಬೈಂಡಿಂಗಿಗೆ, ಅಂದರೆ ಕೌದಿಯ ಅಂಚು ಮುಚ್ಚುವ ಪಟ್ಟಿಗೆ, ಕೌದಿಯ ಸುತ್ತಳತೆ 216 ಇಂಚಿಗೆ ಮೂಲೆ ತಿರುಗಿಸಲು ಮತ್ತು ಕೊನೆ ಸೇರಿಸಲು ಹತ್ತು ಇಂಚು ಕೂಡಿಸಿ 226 ಇಂಚು; ಎರಡೂವರೆ ಇಂಚಿನ ಆರು ಪಟ್ಟಿ, 44ರ ಪನ್ನದಲ್ಲಿ ಅರ್ಧ ಮೀಟರ್.

ಒಗೆಯುವ ವಿಷಯವನ್ನು ಬಟ್ಟೆಯ ಪಟ್ಟಿಯ ಜೊತೆಗೇ ಬರೆಯಬೇಕು, ಕೊನೆಯ ಪುಟದಲ್ಲಲ್ಲ. ಮೇಲುಕೋಟೆಯ ಕೈಮಗ್ಗದ ಬಟ್ಟೆಯನ್ನಾಗಲಿ, ಗಾಢ ಕೆಂಪು ಅಥವಾ ನೀಲಿ ಹತ್ತಿಯನ್ನಾಗಲಿ ಒಗೆಯದೆ ಕತ್ತರಿಸಿದರೆ, ಮುಗಿದ ಕೌದಿಯನ್ನು ಮೊದಲ ಬಾರಿ ನೆನೆಸಿದಾಗ ಒಂದು ಕುಗ್ಗುತ್ತದೆ, ಇನ್ನೊಂದು ಬಣ್ಣ ಬಿಡುತ್ತದೆ. ಹಳೆಯ ಮೈಸೂರು ರೇಷ್ಮೆ ಸೀರೆಯನ್ನು ಕೌದಿಗೆ ಬಳಸುವ ಆಸೆ ನಮ್ಮ ಕಡೆ ಬಹಳ ಜನರಿಗಿದೆ. ಅದು ಕ್ರೇಪ್ ಆದ್ದರಿಂದ ಕತ್ತರಿಸುವಾಗ ಜಾರುತ್ತದೆ, ಅಂಚು ಬಿಚ್ಚಿಕೊಳ್ಳುತ್ತದೆ. ಹಿಂದೆ ತೆಳುವಾದ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಪದರ) ಅಂಟಿಸಿ, ಇಸ್ತ್ರಿಯ ಬಿಸಿ ತಗ್ಗಿಸಿ ಕೆಲಸ ಮಾಡಬೇಕು. ನಿಮ್ಮ ವಿನ್ಯಾಸ ಹತ್ತಿಗೆ ಮಾತ್ರ ಹೊಂದುವಂಥದ್ದಾದರೆ ಅದನ್ನು ನೇರವಾಗಿ ಹೇಳಿಬಿಡುವುದೇ ಓದುಗರಿಗೆ ಮಾಡುವ ಉಪಕಾರ.

ಹಂತಗಳನ್ನು ಬರೆಯುವ ಭಾಷೆ

ಒಂದು ವಾಕ್ಯದಲ್ಲಿ ಒಂದೇ ಕೆಲಸವಿರಲಿ, ಮತ್ತು ಆ ಕೆಲಸ ಮಾಡುವ ಮೊದಲು ತಿಳಿದಿರಬೇಕಾದ ಎಚ್ಚರಿಕೆ ಆ ವಾಕ್ಯಕ್ಕಿಂತ ಮುಂಚೆಯೇ ಬರಲಿ. "ಗೆರೆಯ ಮೇಲೆ ಕತ್ತರಿಸಿ, ಕತ್ತರಿಸುವ ಮೊದಲು ಎರಡೂ ಬದಿಗೆ ಹೊಲಿದಿರಬೇಕು" ಎಂದು ಬರೆದವರನ್ನು ಕಂಡಿದ್ದೇನೆ. ಓದುತ್ತಾ ಓದುತ್ತಾ ಕೆಲಸ ಮಾಡುವವರ ಕತ್ತರಿ ಅಷ್ಟರಲ್ಲಿ ಬಟ್ಟೆಯ ಮೇಲೆ ಆಡಿಯಾಗಿರುತ್ತದೆ.

ಗೀಸ್‌ನ ಹಂತವನ್ನು ಹೀಗೆ ಬರೆಯಬಹುದು. "ಹಿನ್ನೆಲೆ ಬಟ್ಟೆಯ 7 1/4 ಇಂಚಿನ ಚೌಕವನ್ನು ಸೀದಾ ಮಗ್ಗುಲು ಮೇಲೆ ಬರುವಂತೆ ಇಡಿ. ಕೆಂಪು ಬಟ್ಟೆಯ 3 7/8 ಇಂಚಿನ ಎರಡು ಚೌಕಗಳನ್ನು ಉಲ್ಟಾ ಮಗ್ಗುಲು ಮೇಲೆ ಬರುವಂತೆ ಅದರ ಎದುರುಬದುರು ಮೂಲೆಗಳಲ್ಲಿ ಇಡಿ. ಅವೆರಡರ ಮೂಲೆಗಳು ನಡುವೆ ಒಂದರ ಮೇಲೊಂದು ಸ್ವಲ್ಪ ಕೂರುತ್ತವೆ, ಅದು ಸರಿ. ಎರಡು ಕೆಂಪು ಚೌಕಗಳನ್ನೂ ದಾಟುವಂತೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆಯಿರಿ. ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿಯಿರಿ. ಎರಡು ಹೊಲಿಗೆಗಳೂ ಬಿದ್ದಿವೆಯೇ ಎಂದು ನೋಡಿಕೊಂಡು, ಗೆರೆಯ ಮೇಲೆ ಕತ್ತರಿಸಿ. ಕೆಂಪು ತ್ರಿಕೋನಗಳನ್ನು ಹೊರಕ್ಕೆ ಮಡಚಿ ಇಸ್ತ್ರಿ ಮಾಡಿ. ಈಗ ಎರಡು ತುಂಡುಗಳಿವೆ. ಪ್ರತಿಯೊಂದರಲ್ಲೂ ಎರಡು ಕೆಂಪು ಕಿವಿಗಳ ನಡುವೆ ಒಂದು ಸಂದು ಕಾಣುತ್ತದೆ. ಉಳಿದ ಮೂಲೆಗೆ ಮೂರನೆಯ ಕೆಂಪು ಚೌಕವನ್ನಿಟ್ಟು, ಆ ಮೂಲೆಯಿಂದ ಸಂದಿನ ಕಡೆಗೆ ಗೆರೆ ಎಳೆದು, ಮೊದಲಿನಂತೆಯೇ ಎರಡು ಬದಿ ಹೊಲಿದು ಕತ್ತರಿಸಿ. ಎರಡನೆಯ ತುಂಡಿಗೂ ಹಾಗೆಯೇ ಮಾಡಿ." ಇದರಲ್ಲಿ "ಅದು ಸರಿ" ಎಂಬ ಎರಡು ಪದಗಳ ಬೆಲೆ ದೊಡ್ಡದು. ಚೌಕಗಳು ಒಂದರ ಮೇಲೊಂದು ಕೂತದ್ದನ್ನು ಕಂಡು, ತಾನು ಅಳತೆ ತಪ್ಪಿದೆನೆಂದು ಹೆದರಿ ಅವನ್ನು ಕತ್ತರಿಸಿ ಚಿಕ್ಕದು ಮಾಡುವವರಿದ್ದಾರೆ. ವಿಚಿತ್ರವಾಗಿ ಕಾಣುವ ಪ್ರತಿ ಜಾಗದಲ್ಲೂ, ಹೀಗೆಯೇ ಕಾಣಬೇಕು ಎಂಬ ಮಾತನ್ನು ಸೇರಿಸಿ.

ಬಲ, ಎಡ, ಮೇಲೆ, ಕೆಳಗೆ ಎಂಬ ಮಾತುಗಳು ತುಂಡನ್ನು ತಿರುಗಿಸಿದ ಕ್ಷಣಕ್ಕೆ ಅರ್ಥ ಕಳೆದುಕೊಳ್ಳುತ್ತವೆ. ಹೊಲಿಗೆ ತರಗತಿಯೊಂದರಲ್ಲಿ ಹೆಂಗಸೊಬ್ಬರು ಗೀಸ್ ತುಂಡನ್ನು ಕೈಯಲ್ಲಿ ಹಿಡಿದು, "ಮೊನೆ ಒಳಗೆ ಬರಬೇಕೋ ಹೊರಗೋ, ಮೇಡಂ? ಇದರಲ್ಲಿ ಬಲಕ್ಕೆ ಅಂತ ಮಾತ್ರ ಇದೆ" ಎಂದು ಕೇಳಿದ್ದು ನೆನಪಿದೆ. ಅವರ ಮುಂದೆ ಇದ್ದ ಹಾಳೆಯಲ್ಲಿ "ದೊಡ್ಡ ತ್ರಿಕೋನದ ಮೊನೆ ನಡುಚೌಕದ ಕಡೆಗೆ ಇರಲಿ, ಕೆಂಪು ತ್ರಿಕೋನಗಳ ತುದಿಗಳು ಹೊರಕ್ಕೆ ಹೋಗಲಿ" ಎಂದಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ. ದಿಕ್ಕನ್ನು ಹೇಳುವಾಗ ಪಕ್ಕದ ತುಂಡಿನ ಹೆಸರು ಹೇಳಿ.

ಇಸ್ತ್ರಿಯ ದಿಕ್ಕನ್ನು ಬಿಟ್ಟುಬಿಡುವ ಪ್ಯಾಟರ್ನ್‌ಗಳು ಅನೇಕ. ಮೇಲಿನ ಮತ್ತು ಕೆಳಗಿನ ಸಾಲುಗಳ ಹೊಲಿಗೆಗಳನ್ನು ಮೂಲೆಯ ಚೌಕಗಳ ಕಡೆಗೆ ಮಡಚಿ, ನಡುಸಾಲಿನ ಹೊಲಿಗೆಗಳನ್ನು ನಡುಚೌಕದ ಕಡೆಗೆ ಮಡಚಿದರೆ, ಸಾಲುಗಳನ್ನು ಸೇರಿಸುವಾಗ ಎರಡು ಮಡಿಕೆಗಳು ಎದುರುಬದುರಾಗಿ ಒಂದಕ್ಕೊಂದು ತಾಗಿ ನಿಲ್ಲುತ್ತವೆ; ಬೆರಳಿನಿಂದ ಮುಟ್ಟಿಯೇ ಹೊಲಿಗೆಗಳು ಕೂಡಿರುವುದು ತಿಳಿಯುತ್ತದೆ, ಅಲ್ಲಿ ದಪ್ಪವೂ ಕಡಿಮೆ. ಇಸ್ತ್ರಿಯನ್ನು ಒತ್ತಿ ಎತ್ತಬೇಕೇ ಹೊರತು ಎಳೆಯಬಾರದು ಎಂಬುದನ್ನೂ ಇಲ್ಲಿಯೇ ಹೇಳಿ, ಏಕೆಂದರೆ ತ್ರಿಕೋನದ ಓರೆ ಅಂಚು ಕ್ರಾಸ್ ಆಗಿರುವುದರಿಂದ ಎಳೆದಷ್ಟೂ ಹಿಗ್ಗುತ್ತದೆ.

ಕೈಯಲ್ಲೇ ಹೊಲಿಯುವವರನ್ನು ಮರೆಯಬಾರದು. ಅವರಿಗೆ ಕತ್ತರಿಸುವ ಅಂಚಿಗಿಂತ ಹೊಲಿಯುವ ಗೆರೆ ಮುಖ್ಯ. ಆದ್ದರಿಂದ ಅಚ್ಚಿನ ಚಿತ್ರ ಕೊಡುವುದಾದರೆ ಒಳಗೆ ಚುಕ್ಕೆಗೆರೆಯಲ್ಲಿ ಹೊಲಿಗೆ, ಹೊರಗೆ ಪೂರ್ಣಗೆರೆಯಲ್ಲಿ ಕತ್ತರಿಸುವ ಅಂಚು, ಎರಡನ್ನೂ ಎಳೆದು, ಬಟ್ಟೆಯ ನೇರ ಎಳೆ ಯಾವ ಕಡೆ ಹೋಗಬೇಕೆಂಬುದನ್ನು ಬಾಣದಿಂದ ತೋರಿಸಿ.

ಚಿತ್ರ ಮತ್ತು ಅಚ್ಚು

ಕಂಪ್ಯೂಟರಿನ ಪರದೆಯಲ್ಲಿ ಬಣ್ಣಬಣ್ಣವಾಗಿ ಕಾಣುವ ಚಿತ್ರವನ್ನು ನಮ್ಮಲ್ಲಿ ಹೆಚ್ಚಿನವರು ಕಪ್ಪುಬಿಳುಪಿನಲ್ಲೇ ಅಚ್ಚು ಹಾಕಿಸುತ್ತಾರೆ. ಕೆಂಪು ಮತ್ತು ಹಸಿರು ಎರಡೂ ಒಂದೇ ಬೂದು ಆಗಿಬಿಡುತ್ತವೆ. ಬಣ್ಣವನ್ನು ನಂಬದೆ ಪ್ರತಿ ಬಟ್ಟೆಗೂ ಕ, ಖ, ಗ ಎಂದು ಅಕ್ಷರ ಕೊಟ್ಟು, ಚಿತ್ರದಲ್ಲಿ ಒಂದಕ್ಕೆ ಓರೆಗೆರೆ, ಇನ್ನೊಂದಕ್ಕೆ ಚುಕ್ಕೆ ತುಂಬಿ, ಅದೇ ಅಕ್ಷರವನ್ನು ಕತ್ತರಿಸುವ ಪಟ್ಟಿಯಲ್ಲೂ ಹಂತಗಳಲ್ಲೂ ಬಳಸಿ. ಉಲ್ಟಾ ಮಗ್ಗುಲನ್ನು ಯಾವಾಗಲೂ ಒಂದೇ ಬಗೆಯ ಛಾಯೆಯಲ್ಲಿ ತೋರಿಸಿ. ಮುಗಿದ ಕೌದಿಯ ಫೋಟೋವನ್ನು ಮಂಚದ ಮೇಲೆ ಓರೆಯಾಗಿ ಹಾಸಿ ತೆಗೆದರೆ ಸೊಗಸಾಗಿರುತ್ತದೆ, ಆದರೆ ಬ್ಲಾಕುಗಳನ್ನು ಎಣಿಸಲು ಆಗುವುದಿಲ್ಲ. ನೇರವಾಗಿ ತೆಗೆದ ಇನ್ನೊಂದು ಫೋಟೋ ಇರಲಿ.

ತುಂಡಿನ ಆಕಾರದ ಅಚ್ಚು ಕೊಟ್ಟ ಪುಟದಲ್ಲಿ ಎರಡು ಇಂಚಿನ ಒಂದು ಪರೀಕ್ಷಾ ಚೌಕ ಕಡ್ಡಾಯ. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಹೊಂದಿಸಿ ಅಚ್ಚು ಹಾಕುವ ಆಯ್ಕೆ ತಾನಾಗಿಯೇ ಚಾಲೂ ಇದ್ದರೆ ಚಿತ್ರ ನೂರಕ್ಕೆ ತೊಂಬತ್ತೇಳಕ್ಕೆ ಇಳಿದುಬಿಡುತ್ತದೆ, 6 1/2 ಇಂಚಿನ ಅಚ್ಚು 6.3 ಆಗುತ್ತದೆ, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಅಮೆರಿಕದ ಲೆಟರ್ ಕಾಗದಕ್ಕೆ ಹೊಂದಿಸಿದ ಪುಟವನ್ನು ನಮ್ಮ ಎ4 ಹಾಳೆಯಲ್ಲಿ ತೆಗೆದಾಗಲೂ ಇದೇ ಗತಿ, ಏಕೆಂದರೆ ಎ4 ಉದ್ದದಲ್ಲಿ ಹೆಚ್ಚಿದ್ದರೂ ಅಗಲದಲ್ಲಿ ಸುಮಾರು ಆರು ಮಿಲಿಮೀಟರ್ ಕಡಿಮೆ. "ನೂರಕ್ಕೆ ನೂರು ಅಳತೆಯಲ್ಲಿ ತೆಗೆಯಲು ಹೇಳಿ, ಅಂಗಡಿಯಲ್ಲೇ ಚೌಕವನ್ನು ಅಳೆದು ನೋಡಿ" ಎಂದು ಆ ಪುಟದ ಮೇಲೆಯೇ ಬರೆಯಿರಿ. ಫೋನಿನಲ್ಲಿ ಓದುವವರಿಗಾಗಿ ಅಕ್ಷರ ದೊಡ್ಡದಿರಲಿ, ಒಂದು ಹಂತದ ಮಾತು ಮತ್ತು ಅದರ ಚಿತ್ರ ಒಂದೇ ಪುಟದಲ್ಲಿ ಬರಲಿ.

ಬೇರೆಯವರ ಕೈಯಲ್ಲಿ ಪರೀಕ್ಷೆ

ಪ್ಯಾಟರ್ನ್ ಬರೆದವರು ಅದನ್ನು ತಾವೇ ಎಷ್ಟು ಸಲ ಹೊಲಿದರೂ ಅದರ ಕೊರತೆ ಕಾಣುವುದಿಲ್ಲ, ಬರೆಯದೆ ಬಿಟ್ಟದ್ದನ್ನು ಕೈ ತಾನಾಗಿಯೇ ಮಾಡಿಬಿಡುತ್ತದೆ. ನಿಮ್ಮ ಆ ಕೌದಿಯನ್ನು ಕಂಡೇ ಇರದ ಇಬ್ಬರಿಗಾದರೂ ಪ್ಯಾಟರ್ನ್ ಕೊಡಿ. ಅವರಲ್ಲಿ ಒಬ್ಬರು ಪಳಗಿದವರು, ಇನ್ನೊಬ್ಬರು ಹೊಸಬರು ಆಗಿರಲಿ. ಪೂರ್ತಿ ಕೌದಿ ಬೇಡ, ಎರಡು ಬ್ಲಾಕು ಮತ್ತು ಅವುಗಳ ಜೋಡಣೆ ಸಾಕು. ಅವರು ಹೊಲಿಯುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ, ಆದರೆ ಏನೂ ಹೇಳಬೇಡಿ. ಎಲ್ಲಿ ಕತ್ತರಿ ನಿಲ್ಲುತ್ತದೆ, ಎಲ್ಲಿ ಹಾಳೆಯನ್ನು ಹಿಂದಕ್ಕೆ ತಿರುವುತ್ತಾರೆ, ಎಲ್ಲಿ ತುಂಡನ್ನು ಎರಡು ಮೂರು ಸಲ ತಿರುಗಿಸಿ ನೋಡುತ್ತಾರೆ ಎಂಬುದನ್ನು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಅವರು ಕೊನೆಗೆ ಸರಿಯಾಗಿಯೇ ಹೊಲಿದರೂ ಆ ಜಾಗದ ವಾಕ್ಯವನ್ನು ತಿದ್ದಬೇಕು. "ಚೆನ್ನಾಗಿದೆ, ಅರ್ಥವಾಯಿತು" ಎಂಬ ಅವರ ಮಾತಿಗಿಂತ ಅವರ ಬ್ಲಾಕಿನ ಅಳತೆ ಹೆಚ್ಚು ನಿಜ ಹೇಳುತ್ತದೆ. 12 1/2 ಬರಬೇಕಾದ್ದು 12 1/4 ಬಂದಿದ್ದರೆ, ಮಾರ್ಜಿನಿನ ವಿವರಣೆಯಲ್ಲೋ ಇಸ್ತ್ರಿಯ ಮಾತಿನಲ್ಲೋ ಏನೋ ಸಾಲದಾಗಿದೆ ಎಂದೇ ತಿಳಿಯಬೇಕು.

ಅಂಕಿಗಳನ್ನು ಬೇರೆಯೇ ಒಬ್ಬರು ಲೆಕ್ಕ ಹಾಕಿ ನೋಡಲಿ. ಹೊಲಿಗೆ ಬಾರದಿದ್ದರೂ ಲೆಕ್ಕದಲ್ಲಿ ಗಟ್ಟಿ ಇರುವವರು ಇದಕ್ಕೆ ಸಾಕು. ಕತ್ತರಿಸುವ ಪಟ್ಟಿಯಲ್ಲಿ ಎಂಬತ್ತು ಎಂದಿದ್ದು ಹಂತದಲ್ಲಿ ಎಪ್ಪತ್ತೆರಡು ಬಳಕೆಯಾದರೆ ಅವರಿಗೆ ಅದು ಮೊದಲು ಕಾಣುತ್ತದೆ. ಎರಡನೆಯ ಅಳತೆಯ ಕೌದಿಯನ್ನೂ ಕೊಟ್ಟಿದ್ದರೆ, ಉದಾಹರಣೆಗೆ 36 ಇಂಚಿನ ಒಂಟಿ ಮಂಚದ ಎರಡು ಬದಿಗೂ ಇಳಿಬೀಳುವಂತೆ ಐದು ಇಂಟು ಆರು, ಮೂವತ್ತು ಬ್ಲಾಕಿನ 60 ಇಂಟು 72 ಇಂಚಿನದ್ದು, ಅದರ ಪ್ರತಿ ಅಂಕಿಯನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಮೊದಲನೆಯದರ ಒಂದೂವರೆ ಪಟ್ಟು ಎಂದು ಮೀಟರುಗಳನ್ನು ಏರಿಸಿದರೆ ಪಟ್ಟಿಗಳ ಎಣಿಕೆ ಕೂಡಿಬರುವುದಿಲ್ಲ.

ಸಾಟೂತ್ ಸ್ಟಾರ್, ನೈನ್ ಪ್ಯಾಚ್, ಲಾಗ್ ಕ್ಯಾಬಿನ್‌ನಂತಹ ಹಳೆಯ ಬ್ಲಾಕುಗಳು ಎಲ್ಲರ ಸೊತ್ತು, ಅವನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಇನ್ನೊಬ್ಬರು ಬರೆದ ಹಂತಗಳ ಮಾತನ್ನೂ ಅವರು ಎಳೆದ ಚಿತ್ರಗಳನ್ನೂ ಎತ್ತಿಕೊಳ್ಳುವುದು ಸರಿಯಲ್ಲ. ನಿಮ್ಮ ಮಾತು ನಿಮ್ಮದೇ ಆಗಿರಲಿ. ಕೊನೆಯ ಪುಟದ ಕೆಳಗೆ, ಪ್ಯಾಟರ್ನ್ ಬರೆದ ತಿಂಗಳು, ವರ್ಷ ಮತ್ತು ಎಷ್ಟನೆಯ ತಿದ್ದುಪಡಿ ಎಂಬುದನ್ನು ನಮೂದಿಸಿ. ಯಾರಾದರೂ ಒಂದು ಅಂಕಿ ತಪ್ಪೆಂದು ತಿಳಿಸಿದ ಕೂಡಲೇ ಅದನ್ನು ತಿದ್ದಿ, ಬದಲಾದ ಸಾಲನ್ನು ಹಳೆಯ ಪ್ರತಿ ಪಡೆದವರಿಗೂ ಕಳುಹಿಸಿ, ಅವರು ಇನ್ನೂ ಬಟ್ಟೆ ಕತ್ತರಿಸಿರದಿದ್ದರೆ ಅಷ್ಟು ಬಟ್ಟೆ ಉಳಿಯುತ್ತದೆ.